ಬಲಗೈ ಇಲ್ಲದ ಪಿಯಾನೋ

ಮನೆಯ ನಡುಕೋಣೆಯಿಂದ,
ಜೂನ್ ೯, ಭಾನುವಾರ ಮಧ್ಯಾಹ್ನ

ಸನ್ಮಾನ್ಯ ಸಭಾಧ್ಯಕ್ಷರೇ, ವೇದಿಕೆಯ ಮೇಲಿನ ಗಣ್ಯರೇ, ಮುಂದಿನ ಸಾಲಿನಲ್ಲಿ ಆಗಲೇ ತೂಕಡಿಸುತ್ತಿರುವ ಮೂಕಿ ಚಿತ್ರಗಳ ರಸಿಕರೇ, ಹಿಂದಿನ ಸಾಲಿನ ಭೂತಪ್ರೇಮಿಗಳೇ, ಮತ್ತು ಈ ಸಭೆಯ ಏಕೈಕ ಶ್ರೋತೃವೂ ನನ್ನ ಮೇಲೆ ಮುನಿಸಿಕೊಂಡಿರುವವಳೂ ಆದ ಪ್ರೀತಿಯ ಅಕ್ಕಾ,

ಹೇಗಿದ್ದೀಯ? ನಿನ್ನ ಮಂಡಿನೋವು ಕಡಿಮೆಯಾಯಿತೆ? ಅದಕ್ಕಿಂತ ಮೊದಲು, ಭಾವನವರ ಸೊಂಟ ಹೇಗಿದೆ? ಅವರು ಮೆಟ್ಟಿಲ ಮೇಲಿಂದ ಬಿದ್ದರೆಂದು ಹೇಳಲು ನೀನು ಫೋನ್ ಮಾಡಿದಾಗ ನಾನು “ಭೇಷ್! ಬೀದಿಗೆಲ್ಲ ಸಿಹಿ ಹಂಚು” ಅಂದೆನಂತೆ. ಆವತ್ತಿನಿಂದ ನೀನು ನನ್ನ ಜೊತೆ ಮಾತು ಬಿಟ್ಟಿದ್ದೀಯಂತೆ. ಇದನ್ನೆಲ್ಲ ನನ್ನವಳು ಹೇಳಿದಳು. ಹೇಳಿದಳು ಎಂದರೆ, ಒಂದು ಚೀಟಿಯಲ್ಲಿ ಬರೆದು ತಿಂಡಿಯ ತಟ್ಟೆಯ ಪಕ್ಕ ರಪ್ಪನೆ ಇಟ್ಟು ಹೋದಳು. ಅವಳೂ ನಿನ್ನ ಪಕ್ಷವೇ. ಲೈನು ಕೆಟ್ಟಿತ್ತು ಅಕ್ಕಾ. ಸದ್ಯಕ್ಕೆ ಇಷ್ಟು ಸಮಜಾಯಿಷಿ ಸಾಕು ಮಾಡಿಕೋ.

ಈಚೆಗೆ ನನಗೊಂದು ಹೊಸ ಹುಚ್ಚು ಹಿಡಿದಿದೆ. ನಾವು ಚಿಕ್ಕವರಿದ್ದಾಗ ಕ್ಯಾಸೆಟ್ ಬಾಡಿಗೆಗೆ ತರುತ್ತಿದ್ದೆವಲ್ಲ, ಆ ಅಂಗಡಿಯವನು ಈಗ ಅಂಗಡಿ ಮುಚ್ಚುತ್ತಿದ್ದಾನೆ. ಯಾರೂ ಮುಟ್ಟದ ಡಿವಿಡಿಗಳನ್ನೆಲ್ಲ ಒಂದು ರಟ್ಟಿನ ಡಬ್ಬಕ್ಕೆ ತುಂಬಿ ನನ್ನ ಕೈಗಿತ್ತ. ಅರ್ಧ ಮೂಕಿ ಚಿತ್ರಗಳು, ಉಳಿದರ್ಧ ಹಳೆಯ ಕಪ್ಪು-ಬಿಳುಪಿನ ಭೂತದ ಚಿತ್ರಗಳು. ಭಾನುವಾರ ಮಧ್ಯಾಹ್ನ ಪರದೆ ಎಳೆದು ಕೂತರೆ ನನಗೆ ಲೋಕದ ಗೊಡವೆಯಿಲ್ಲ. ಮೂಕಿ ಚಿತ್ರದಷ್ಟು ಸಭ್ಯವಾದದ್ದು ಇನ್ನೊಂದಿಲ್ಲ ಕಣೇ: ಸದ್ದಿಲ್ಲ, ಗದ್ದಲವಿಲ್ಲ, ಬಿದ್ದವನಿಗೂ ಪೆಟ್ಟಿಲ್ಲ. (ಭಾವನವರ ಕ್ಷಮೆ ಕೋರುತ್ತೇನೆ. ಪ್ರಾಸ ಸಿಕ್ಕಿತು, ನಾಲಿಗೆ ಜಾರಿತು.) ಪಾತ್ರಗಳು ತುಟಿಯಾಡಿಸುತ್ತವೆ, ಮರುಕ್ಷಣ ಯಾರು ಏನಂದರು ಎಂದು ದಪ್ಪಕ್ಷರದಲ್ಲಿ ಬರೆದು ತೋರಿಸುತ್ತಾರೆ. ಮನೆಯವರೂ ಮಾತಾಡಿದ ಮೇಲೆ ಹೀಗೊಂದು ಹಲಗೆ ಹಿಡಿದರೆ ಎಷ್ಟು ಸಂಸಾರಗಳು ಉಳಿಯುತ್ತವೋ!

ಆದರೆ ಆ ಅಂಗಡಿಯವನ ಮೇಲೆ ನನಗೆ ಅನುಮಾನವಿದೆ. ಈ ಮೂಕಿಗಳಿಗೆ ಈಚಿನವರು ಪಿಯಾನೋ ಸಂಗೀತ ಕೂಡಿಸಿದ್ದಾರೆ. ನನ್ನ ಡಿಸ್ಕಿನಲ್ಲಿ ಬಾರಿಸುವವನ ಎಡಗೈ ಮಾತ್ರ ಇದೆ. ಡಂ ಡಂ ಎಂದು ಕೆಳಗಿನ ಸ್ವರಗಳು ಬರುತ್ತವೆ, ಮೇಲಿನವು ನಾಪತ್ತೆ. ಬಲಗೈ ರಜೆ ಹಾಕಿದ ಹಾಗಿದೆ. ಮಾತಿರುವ ಭೂತದ ಚಿತ್ರವೂ ಅಷ್ಟೆ. ಪಾಳುಮನೆಯ ಬಾಗಿಲು ತೆರೆಯುತ್ತದೆ, ಕಿರುಗುಟ್ಟುವುದಿಲ್ಲ. ನಾಯಕಿ ಕಿರುಚಲು ಬಾಯಿ ತೆರೆಯುತ್ತಾಳೆ, ಆಕಳಿಸಿ ಮುಚ್ಚಿದಂತಾಗುತ್ತದೆ. ಕಳ್ಳಪ್ರತಿ ಕೊಟ್ಟಿದ್ದೀಯ ಎಂದು ಅಂಗಡಿಗೆ ಹೋಗಿ ಜಗಳ ತೆಗೆದೆ. ಅವನು ಡಿಸ್ಕನ್ನು ತನ್ನ ಪ್ಲೇಯರಿಗೆ ಹಾಕಿ ನೋಡಿದ, ನನ್ನ ಮುಖ ನೋಡಿದ, ಒಂದು ಲೋಟ ಚಹಾ ತರಿಸಿದ. ಜಗಳಕ್ಕೆ ಹೋದವನಿಗೆ ಚಹಾ ಕೊಡುವವನನ್ನು ನಂಬುವುದು ಹೇಗೆ, ನೀನೇ ಹೇಳು.

ಮನೆಯಲ್ಲಂತೂ ಏನೋ ಸಂಚು ನಡೆದಿದೆ. ತಾಯಿ-ಮಗಳು ಅಡುಗೆಮನೆಯಲ್ಲಿ ಸದಾ ಪಿಸುಪಿಸು. ನಾನು ಹೋದರೆ ತುಟಿಗಳು ನಿಲ್ಲುತ್ತವೆ, ಇಬ್ಬರೂ ನನ್ನತ್ತ ನೋಡುತ್ತಾರೆ. ಏನು ವಿಷಯ ಎಂದರೆ “ಏನಿಲ್ಲ”. ಗೋಡೆಗೂ ಕಿವಿಯಿರುತ್ತದೆ ಎನ್ನುತ್ತಾರೆ. ಗೋಡೆಗೆ ಕೇಳಿಸುವುದು ಮನೆಯ ಯಜಮಾನನಿಗೆ ಕೇಳಿಸಬಾರದೆ? ಕಳೆದ ಭಾನುವಾರ ನಾನು ಭೂತದ ಚಿತ್ರ ನೋಡುತ್ತಿದ್ದಾಗ ಮಗಳು ಎರಡೂ ಕಿವಿ ಮುಚ್ಚಿಕೊಂಡು ಓಡಿಬಂದು ರಿಮೋಟ್ ಕಿತ್ತುಕೊಂಡಳು. ಪಾಪ, ಹೆದರಿದಳು ಅಂದುಕೊಂಡೆ. ಆಮೇಲೆ ಹೊಳೆಯಿತು: ಹೆದರಿದವರು ಕಣ್ಣು ಮುಚ್ಚಿಕೊಳ್ಳುತ್ತಾರೆ.

ಆಫೀಸಿನ ಕಥೆ ಕೇಳು. ನಮ್ಮ ಮ್ಯಾನೇಜರು ಬಾಯಲ್ಲಿ ಹೇಳಿದ್ದನ್ನು ಸುತ್ತೋಲೆಯಾಗಿ ಟೈಪು ಮಾಡುವುದು ನನ್ನ ಕೆಲಸ, ಗೊತ್ತಲ್ಲ. ಮೊನ್ನೆ ನೋಟಿಸು ಬೋರ್ಡಿನ ಮುಂದೆ ಜಾತ್ರೆಯಂತೆ ಜನ. “ಶುಕ್ರವಾರ ಸಿಬ್ಬಂದಿಯವರಿಗೆಲ್ಲ ರಕ್ತಪಾನ ಶಿಬಿರ. ಇಚ್ಛೆಯುಳ್ಳವರು ಹೊಟ್ಟೆ ತುಂಬ ತಿಂದು ಬರತಕ್ಕದ್ದು.” ಕೆಳಗೆ ಯಾರೋ ಪೆನ್ನಿನಲ್ಲಿ ಗೀಚಿದ್ದರು, “ಸ್ಟ್ರಾ ನಾವೇ ತರಬೇಕಾ?” ಅವರು ಹೇಳಿದ್ದು ರಕ್ತದಾನ. ಮ್ಯಾನೇಜರು ಕರೆದು “ಏನ್ರೀ ಇದು, ನಿಮ್ಮ ಪಿಕ್ಚರ್ ಹುಚ್ಚು ಆಫೀಸಿಗೂ ಬಂತಾ?” ಅಂದರು. ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿತು. “ಹೌದು ಸಾರ್, ರಕ್ತ ಹೀರುವ ಗಡಿಯಾರ ರಿಪೇರಿಯವನ ಚಿತ್ರ ನೋಡಿದ್ದೆ, ಅದೇ ತಲೇಲಿ ಕೂತಿತ್ತು” ಅಂದೆ. ಇನ್ನೊಂದು ಸಲ ಹೀಗಾದರೆ ಹಳೇ ಫೈಲುಗಳ ಕೋಣೆಗೆ ಹಾಕುತ್ತೇನೆ ಅಂದರು. ಅವರ ಷಡ್ಡಕನಿಗೆ ನನ್ನ ಕುರ್ಚಿಯ ಮೇಲೆ ಕಣ್ಣಿದೆ. ಅದಕ್ಕೇ ಮ್ಯಾನೇಜರು ಬೇಕೆಂದೇ ಮಾತಿನ ಮೊದಲಕ್ಷರ ನುಂಗುತ್ತಾರೆ ಎಂಬುದು ನನ್ನ ಗುಮಾನಿ.

ನಾವು ಭೂತದ ಕ್ಯಾಸೆಟ್ ಹಾಕಿಕೊಂಡು ಕೂರುತ್ತಿದ್ದದ್ದು ನೆನಪಿದೆಯಾ? ನೀನು ಬೆನ್ನ ಹಿಂದೆ ಕೂತು ನನ್ನ ಕಿವಿಗಳಿಗೆ ಅಂಗೈ ಒತ್ತುತ್ತಿದ್ದೆ. “ಕಣ್ಣು ಬಿಟ್ಕೊಂಡೇ ನೋಡೋ ಪುಕ್ಕಲ, ಕಿವಿ ನಾನು ಮುಚ್ತೀನಿ. ಭೂತ ಇರೋದು ಸದ್ದಲ್ಲಿ.” ನಿನ್ನ ಮಾತು ನಿಜವೆಂದೇ ಇಷ್ಟು ವರ್ಷ ನಂಬಿದ್ದೆ. ತಪ್ಪು ಅಕ್ಕಾ. ಸದ್ದಿಲ್ಲದ ಕಡೆಯೇ ಅದು ಹೆಚ್ಚಿರುತ್ತದೆ.

ಭಾವನವರಿಗೆ ನನ್ನ ನಮಸ್ಕಾರ ತಿಳಿಸು. ಸೊಂಟಕ್ಕೆ ಪ್ರತ್ಯೇಕ ನಮಸ್ಕಾರ. ಚಿಕ್ಕವನಾದ ನನಗೆ ಹರಸುವ ಹಕ್ಕಿಲ್ಲ, ದೊಡ್ಡವಳಾದ ನಿನಗೆ ಬೈಯುವ ಹಕ್ಕಿದೆ. ಬೈಯುವುದಿದ್ದರೆ ಬರೆದು ಬೈ.

ನಿನ್ನ ತಮ್ಮ,
ನೀನೇ ಹೆಸರಿಟ್ಟ ಪ್ರಾಸರಾಯ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಒಂದು ಮಾತು. ಆವತ್ತು ಲೈನು ಚೆನ್ನಾಗಿಯೇ ಇತ್ತು. ನೀನು “ಭಾವ ಬಿದ್ರು ಕಣೋ” ಅಂದದ್ದು ನನಗೆ “ಭಾವ ಗೆದ್ರು ಕಣೋ” ಎಂದು ಕೇಳಿಸಿತು. ಅವರು ನಿಮ್ಮ ಕಟ್ಟಡದ ಸಂಘದ ಚುನಾವಣೆಗೆ ನಿಂತಿದ್ದರಲ್ಲ, ಅದಕ್ಕೇ ಸಿಹಿಯ ಮಾತು ಬಂತು. ನೀನು ಅತ್ತದ್ದು ನಗುವಿನ ಹಾಗೆ ಕೇಳಿಸಿತು. ಕಾಲೇಜಿನಲ್ಲಿ ದ್ವಿತೀಯಾಕ್ಷರ ಪ್ರಾಸ ಉರುಹೊಡೆದಿದ್ದೆ: ಮೊದಲಕ್ಷರ ಏನಾದರೂ ಇರಲಿ, ಎರಡನೆಯದು ಕೂಡಿದರೆ ಸಾಕು. ಈಗ ಇಡೀ ಲೋಕ ನನ್ನ ಜೊತೆ ಹಾಗೇ ಮಾತಾಡುತ್ತಿದೆ. ಹಾಲು ಅಂದರೆ ಸಾಲು, ದಾನ ಅಂದರೆ ಪಾನ. ಕಿವಿ ಡಾಕ್ಟರ ಬಾಗಿಲವರೆಗೂ ಹೋಗಿದ್ದೆ. ಒಳಗಿನಿಂದ ಹೆಸರು ಕೂಗಿದರೆ ಕೇಳಿಸದೆ ಹೋದೀತೆಂದು ಹೆದರಿ ವಾಪಸು ಬಂದೆ. ಭಾವ ಎದ್ದು ಓಡಾಡುವಂತಾದ ಮೇಲೆ ಬಂದು ಅಲ್ಲಿ ನನ್ನ ಪಕ್ಕ ಕೂರುತ್ತೀಯಾ? ಫೋನ್ ಮಾಡಬೇಡ, ಬರೆ. ಮನೆಯಲ್ಲಿ ಯಾರೂ ಪಿಸುಗುಡುತ್ತಿಲ್ಲ ಅಕ್ಕಾ. ನನಗೆ ಕಿವಿ ಕೇಳಿಸುತ್ತಿಲ್ಲ.