ಮೂರನೆಯ ಸಲ ಕೇಳುವವರೆಗೆ

ಹೋಲ್ಮ್‌ಡಾಲ್, ಮಿನೆಸೋಟಾ
ಅಕ್ಟೋಬರ್ 14, 1986

ನನ್ನ ಮುದ್ದು ಬ್ರಿಟಾ,

ಹಾಟ್‌ಡಿಶ್ ಓವನ್ನಿನಿಂದ ನೀರುನೀರಾಗಿ ಬಂತೆಂದು ಎರಡು ಪುಟ ಅತ್ತಿದ್ದೀಯಲ್ಲ, ಓದಿ ನಗು ತಡೆಯಲಾಗಲಿಲ್ಲ. ಕೊಚ್ಚಿದ ದನದ ಮಾಂಸವನ್ನು ಈರುಳ್ಳಿಯ ಜೊತೆ ಹುರಿದ ಮೇಲೆ ಕೊಬ್ಬು ಬಸಿದೆಯಾ? ಅಣಬೆ ಸೂಪಿಗೆ ನೀರು ಬೆರೆಸಿರುತ್ತೀಯ, ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ! ಡಬ್ಬಿಯಿಂದ ಜಾರಿದ ಹಾಗೇ ಹಾಕಬೇಕು. ಮೇಲೆ ಆಲೂಗಡ್ಡೆ ಉಂಡೆಗಳನ್ನು ಸಾಲಾಗಿ ಜೋಡಿಸು, ಸುರಿಯಬೇಡ. ಪಾತ್ರೆಯ ಮೂಲೆಗಳಲ್ಲಿ ಕೆಂಪಗೆ ಗರಿಗರಿಯಾಗಬೇಕು. ಎಲ್ಡನ್ ಅವರಿಗೆ ಆ ಮೂಲೆಗಳೆಂದರೆ ಪ್ರಾಣ.

ಹಾಲಿನ ಲಾರಿ ಓಡಿಸುತ್ತಿದ್ದರಲ್ಲ, ಅದೇ ಎಲ್ಡನ್. ಹೆಂಡತಿ ಮಾರ್ಲಿಸ್ ತೀರಿಕೊಂಡ ಮೇಲೆ ಗುರುವಾರ ಗುರುವಾರ ನಮ್ಮಲ್ಲಿಗೆ ಊಟಕ್ಕೆ ಬರುತ್ತಿದ್ದರು. ಸುಮ್ಮನೆ ಊಟಕ್ಕೆ, ಮತ್ತೇನಿಲ್ಲ.

ಹೀಗೆ ಬರೆದು, ಪೆನ್ನು ಕೆಳಗಿಟ್ಟು, ಒಂದು ಲೋಟ ಕಾಫಿ ಕುಡಿದು ಬಂದೆ. ನಿನಗೆ ಸುಳ್ಳು ಹೇಳಲು ನನ್ನಿಂದಾಗದು.

ಜುಲೈನಲ್ಲಿ ಒಂದು ದಿನ ತಟ್ಟೆ ಒರೆಸುತ್ತಾ, "ಆರ್ಡಿಸ್, ಇಬ್ರೂ ಬೇರೆ ಬೇರೆ ಓವನ್ ಕಾಯಿಸೋದ್ಯಾಕೆ? ಮದ್ವೆ ಆಗ್ಬಿಡೋಣ್ವಾ?" ಎಂದರು. ನನ್ನ ಮನಸ್ಸು ಆಗಲೇ ಹೂಂ ಅಂದಿತ್ತು. ಬಾಯಿ ಮಾತ್ರ ರೂಢಿಯಂತೆ "ಅಯ್ಯೋ ಬೇಡಪ್ಪ, ನಿಮಗ್ಯಾಕೆ ತೊಂದ್ರೆ" ಎಂದುಬಿಟ್ಟಿತು. ನಮ್ಮೂರಲ್ಲಿ ತಟ್ಟೆಯ ಕೊನೆಯ ಕೇಕ್ ತುಂಡನ್ನಾದರೂ ಮೊದಲ ಸಲ ಕೇಳಿದಾಗ ಯಾರು ತೆಗೆದುಕೊಳ್ಳುತ್ತಾರೆ ಹೇಳು? ಎರಡು ಸಲ ಬೇಡ ಎಂದು, ಮೂರನೆಯ ಸಲ "ನೀವು ಇಷ್ಟು ಹೇಳೋವಾಗ..." ಎನ್ನುವುದಲ್ಲವೇ ಮರ್ಯಾದೆ? ಕೇಕಿಗೇ ಹೀಗೆ, ಗಂಡನನ್ನು ಮೊದಲ ಸಲಕ್ಕೇ ಬಾಚಿಕೊಂಡರೆ ಜನ ಏನೆಂದಾರು!

ಆಗಸ್ಟಿನಲ್ಲಿ ಮತ್ತೆ ಕೇಳಿದರು. "ನಾನು ಹೀಗೇ ಆರಾಮಾಗಿದ್ದೀನಿ" ಎಂದೆ. ಅಲ್ಲಿಗೆ ಎರಡಾಯಿತು. ಕಳೆದ ತಿಂಗಳು ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ಕೂಡಿ ಊಟ ಮಾಡುವಾಗ ನನ್ನ ಪಕ್ಕಕ್ಕೆ ಬಂದು "ಆರ್ಡಿಸ್..." ಎಂದು ಬಾಯಿ ತೆರೆದರು. ನಾನು ಹೂಂ ಅನ್ನಲು ತಯಾರಾಗಿ ನಿಂತಿದ್ದೆ. ಅಷ್ಟರಲ್ಲಿ ಪಾದ್ರಿಯ ಹೆಂಡತಿ ಲವಾನ್ ಹಸಿರು ಜೆಲ್ಲಿ ಹಿಡಿದು ನಡುವೆ ನುಗ್ಗಿ, "ಎಲ್ಡನ್, ಇನ್ನೊಂಚೂರು ಹಾಕ್ಲಾ? ಕ್ಯಾರೆಟ್ ತುರಿದು ಹಾಕಿದ್ದೀನಿ ಕಣ್ರೀ" ಎಂದಳು. ಪಾಪ ಎಲ್ಡನ್, ಅವಳಿಗೆ ಎರಡು ಸಲ ಬೇಡ ಎಂದು, ಮೂರನೆಯ ಸಲಕ್ಕೆ ಹಾಕಿಸಿಕೊಂಡು, ತಿಂದು ಮುಗಿಸುವಷ್ಟರಲ್ಲಿ ಅವರ ಧೈರ್ಯವೂ ಮುಗಿದಿತ್ತು. ಕೋಟು ಹಾಕಿಕೊಂಡು ಹೊರಟೇ ಹೋದರು. ಅಂದಿನಿಂದ ಗುರುವಾರವೂ ಬರುತ್ತಿಲ್ಲ. ನನಗೆ ನಿಜವಾಗಿಯೂ ಇಷ್ಟವಿಲ್ಲ ಎಂದುಕೊಂಡರೋ ಏನೋ.

ನಾನು ಈಗಲೂ ದೊಡ್ಡ ಪಾತ್ರೆಯಲ್ಲೇ ಮಾಡುತ್ತೇನೆ. ಮೂಲೆಗಳನ್ನೆಲ್ಲ ನಾನೇ ತಿನ್ನುತ್ತೇನೆ, ರುಚಿಸುವುದಿಲ್ಲ. ನಿನ್ನ ಅಪ್ಪನನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ. ಆದರೆ ಈ ಮನುಷ್ಯ ನನಗೆ ಬೇಕು ಮಗಳೇ. ಅವರು ಕೇಳಲಿ ಎಂದು ಕಾದು ಕಾದು ಸಾಕಾಯಿತು. ನಾಳೆ ಬೆಳಿಗ್ಗೆ ನಾನೇ ಹೋಗಿ ಕೇಳುತ್ತೇನೆ. ಈ ವಯಸ್ಸಿನಲ್ಲಿ ಅಮ್ಮನಿಗೆ ಇದೇನು ಹುಚ್ಚು ಎಂದು ಬೈಯುವುದಿದ್ದರೆ ಬೈದು ಬರೆ, ಆದರೆ ಸಿಟ್ಟಾಗಿ ಸುಮ್ಮನಿರಬೇಡ.

ಧೈರ್ಯ ಬಂದ ಹಾಗೂ, ಬಾರದ ಹಾಗೂ ಇರುವ
ನಿನ್ನ ಅಮ್ಮ,
ಆರ್ಡಿಸ್

ತಾ.ಕ.: ಲಕೋಟೆ ಅಂಟಿಸದೇ ಇದ್ದದ್ದು ಒಳ್ಳೆಯದಾಯಿತು. ಈಗಷ್ಟೇ ಅವರ ಮನೆಯಿಂದ ಬಂದೆ. ಬಾಗಿಲಲ್ಲೇ ನಿಂತು, "ಎಲ್ಡನ್, ನನ್ನ ಮದ್ವೆ ಆಗ್ತೀರಾ?" ಎಂದು ಕೇಳಿಯೇಬಿಟ್ಟೆ. ಕಿವಿಯವರೆಗೂ ಕೆಂಪಾದರು, ಕಣ್ಣು ತುಂಬಿ ಬಂತು, ಆಮೇಲೆ "ಛೆ ಛೆ, ಬೇಡಿ ಆರ್ಡಿಸ್, ನನ್ನಿಂದ ನಿಮಗ್ಯಾಕೆ ಕಷ್ಟ" ಎಂದರು. ಮಧ್ಯಾಹ್ನ ಕಾಫಿಯ ಹೊತ್ತಿಗೆ ಇನ್ನೊಮ್ಮೆ ಕೇಳಿ ಬರುತ್ತೇನೆ, ಸಂಜೆ ಮತ್ತೊಮ್ಮೆ. ನವೆಂಬರಿನ ಮೊದಲ ಶನಿವಾರಕ್ಕೆ ಚರ್ಚಿನಲ್ಲಿ ಮದುವೆಗೆ ಹೇಳಿಟ್ಟಾಗಿದೆ, ತಪ್ಪದೆ ಬಾ.