ಆರಂತಸ್ತಿನ ನೆರಳು

ಜನವರಿ 8, ಸಂಜೆ
ಅಪಾರ್ಟ್‌ಮೆಂಟ್ ಸಂಘದ ಸಭೆ. ಮೂಡಣದ ಖಾಲಿ ಜಾಗದಲ್ಲಿ ಆರಂತಸ್ತು ಏಳುತ್ತದಂತೆ. ನಲವತ್ತೆಂಟು ಮನೆ, ಕಡಿಮೆ ಬಾಡಿಗೆ. ‘ಕಡಿಮೆ ಬಾಡಿಗೆ’ ಎನ್ನುವಾಗ ನಮ್ಮ ಅಧ್ಯಕ್ಷರ ಮುಖ—ಚರಂಡಿ ದಾಟುವವರ ಹಾಗೆ. ಹಲ್ಲಿನ ಡಾಕ್ಟರು, ದಿನವಿಡೀ ಮೂಸುವುದು ಪರರ ಬಾಯಿ!

ಒಬ್ಬನಿಗೆ ಪಾರ್ಕಿಂಗ್ ಚಿಂತೆ. ಕಾರಿಲ್ಲ. ಒಬ್ಬಾಕೆಗೆ ಹಕ್ಕಿಗಳ ಚಿಂತೆ. ಬಾಲ್ಕನಿಗೆ ಬಲೆ ಕಟ್ಟಿಸಿದವಳು ಅವಳೇ. ‘ಎಂಥೆಂಥ ಜನ ಬರ್ತಾರೋ’ ಎಂಬುದು ಹೊಟ್ಟೆಯಲ್ಲಿ, ಪರಿಸರ ಬಾಯಲ್ಲಿ. ಕುರಿಮಂದೆ. ಟಗರು ಬೇಕಲ್ಲ, ಎದ್ದು ನಿಂತೆ.
“ಹಕ್ಕಿಗಿಕ್ಕಿ ಬಿಡ್ರಿ. ಬಿಸಿಲು ಹೋಗುತ್ತೆ ಅನ್ನಿ. ಅಳೆದು ತೋರಿಸ್ತೀನಿ.”
ಕೋಲು ನೆಟ್ಟು ನೆರಳಿನ ಲೆಕ್ಕ—ನಮ್ಮೂರ ಶಾಲೆಯ ಮೇಷ್ಟ್ರು ಕಲಿಸಿದ್ದು. ಏಳನೇ ಕ್ಲಾಸಿನ ವಿದ್ಯೆಗೆ ಡಾಕ್ಟರು ಚಪ್ಪಾಳೆ ತಟ್ಟಿದರು!

ಜನವರಿ 9, ಬೆಳಿಗ್ಗೆ 7.45
ಖಾಲಿ ಜಾಗದಲ್ಲಿ ನೆಟ್ಟೆ. ಕೋಲು ಮೂರಡಿ, ನೆರಳು ಹನ್ನೆರಡಡಿ. ಅರವತ್ತಡಿ ಕಟ್ಟಡಕ್ಕೆ ಇನ್ನೂರ ನಲವತ್ತು. ನಮ್ಮನ್ನೆಲ್ಲ ನುಂಗಿ ಹಿಂದಿನ ಬೀದಿಗೂ ಕತ್ತಲು. ಮಧ್ಯಾಹ್ನ ಅಳೆದರೆ ನಮ್ಮ ಕಾಂಪೌಂಡನ್ನೂ ಮುಟ್ಟದು... ಮಧ್ಯಾಹ್ನ ಅಳೆಯುವ ದಡ್ಡ ನಾನಲ್ಲ. ತಕರಾರು ಅರ್ಜಿ ನನ್ನದೇ ಮುತ್ತಿನಂಥ ಅಕ್ಷರದಲ್ಲಿ. ಅಳೆದ ಗಂಟೆ ಮಾತ್ರ ಬರೆಯಲಿಲ್ಲ.

ಜನವರಿ 21
ಅಕ್ಕನ ಮಗಳು ಬಂದಿದ್ದಳು. ಎರಡು ಬೀದಿ ಆಚೆಯ ಆಸ್ಪತ್ರೆಯಲ್ಲಿ ನರ್ಸು. ಮನೆ ಮಾತ್ರ ಎರಡು ಬಸ್ಸು ದೂರ. ಹೊರಡುವಾಗಲೂ ಮಗು ನಿದ್ದೆ, ಮರಳುವಾಗಲೂ ನಿದ್ದೆ.
“ಮಾವ, ಲಾಟರೀಲಿ ನನಗೆ ಮನೆ ಬಂತು! ನಿಮ್ಮ ಕಿಟಕೀಲಿ ಕೂಗಿದ್ರೆ ಕೇಳ್ಸುತ್ತೆ.”
ಬೆರಳು ಮಾಡಿದಳು. ಅದೇ ಜಾಗ.
“ಅದೇನು ಆ ಕೋಲು?”
“ದನ ಕಟ್ಟೋಕೆ ಕಣೆ.”
“ಇಲ್ಲೆಲ್ಲಿ ದನ, ಮಾವ?”
“ನಮ್ಮ ಬಿಲ್ಡಿಂಗ್ ತುಂಬ.”
ನಕ್ಕಳು. ನಾನೂ ನಕ್ಕೆ.

ಫೆಬ್ರವರಿ 24
ಪಾಲಿಕೆಯಲ್ಲಿ ವಿಚಾರಣೆ. ಇಂಜಿನಿಯರ್ ಎಂಬ ಶುಂಠ ಯಾವ ಗಂಟೆಯ ನೆರಳು ಅಂತಲೂ ಕೇಳಲಿಲ್ಲ! “ಎಷ್ಟು ಅಚ್ಚುಕಟ್ಟು, ಯಜಮಾನ್ರೇ” ಎಂದ. ಹೇಳಿಬಿಡೋಣ ಎಂದು ಎದ್ದೆ. ಚಪ್ಪಾಳೆ ಬಿತ್ತು. ಕೂತೆ.
ಯೋಜನೆಗೆ ತಡೆ. ಈ ತಡೆಗೆ ಹದಿನೈದು ದಿನದಲ್ಲಿ ಆಕ್ಷೇಪಣೆ ಬಾರದಿದ್ದರೆ ಯೋಜನೆಯೇ ರದ್ದು.

ಮಾರ್ಚ್ 9
ಡಾಕ್ಟರು ನನ್ನ ಅರ್ಜಿಯನ್ನು ನೋಟೀಸ್ ಬೋರ್ಡಿಗೆ ಅಂಟಿಸಿದ್ದಾರೆ, ಗಾಜು ಹಾಕಿಸಿ. ಅದರ ಮುಂದೆ ಅಕ್ಕನ ಮಗಳು ನಿಂತಿದ್ದಳು. ನನ್ನ ಅಕ್ಷರ ಅವಳಿಗೆ ಗೊತ್ತು. ಕೈ ಹಿಡಿದು ತಿದ್ದಿಸಿದವನೇ ನಾನು.
ಅಳಲಿಲ್ಲ. “ಎಷ್ಟು ಗಂಟೆಗೆ ಅಳೆದ್ರಿ, ಮಾವ?” ಅಷ್ಟೇ.
ಇಡೀ ಊರಲ್ಲಿ ಅದನ್ನು ಕೇಳಿದವಳು ಇವಳೊಬ್ಬಳೇ.

ಮಾರ್ಚ್ 10, ಮಧ್ಯಾಹ್ನ 12.30
ನೆರಳು ಒಂದಡಿ. ಕಟ್ಟಡಕ್ಕೆ ಇಪ್ಪತ್ತಡಿ. ಮೇಲಿನ ಬಾಲ್ಕನಿಯಿಂದ ಡಾಕ್ಟರು ಕೈಬೀಸಿದರು, “ಇನ್ನೊಂದ್ಸಲ ಅಳೀತಿದೀರಾ, ಸಾರ್?” ದನ.
ಪಾಲಿಕೆಗೆ ಕಾಗದ ಶುರು ಮಾಡಿದ್ದೇನೆ. ನಾಳೆಯೇ ಕಡೆಯ ದಿನ. ‘ಹಿಂದಿನ ಅರ್ಜಿಯಲ್ಲಿ ನೆರಳು ಅಳೆದ ನಾನು, ಅಳೆದ ಗಂಟೆಯನ್ನು ಬೇಕೆಂದೇ—’