ಎಡಗೈಗೆ ಒಂದು ಕ್ಯಾಮೆರಾ

ಫೆಬ್ರವರಿ 10, ಸೋಮವಾರ

ಬೆಳಗಿನ ಮಾತ್ರೆ ಮೂರೂ ಆಯಿತು. ಬಿ.ಪಿ. ಪರವಾಗಿಲ್ಲ. ಮುಂದಿನ ಕೋಣೆ ತೆರವು ಮಾಡಿದ್ದಾಯಿತು. ಇವರು ಮೂವತ್ತು ವರ್ಷ ಬಟ್ಟೆ ಹೊಲಿದ ಕೋಣೆ, ಇನ್ನು ಮೇಲೆ ಮಲಗುವ ಕೋಣೆ. ವಾಕರ್ ತಿರುಗಿಸಲು ಜಾಗ ಬೇಕು, ಮೆಷಿನ್ ತೆಗೆಯಿರಿ ಎಂದು ಫಿಜಿಯೋ ಎರಡು ವಾರದಿಂದ ಹೇಳುತ್ತಲೇ ಇದ್ದರು.

ಮೆಷಿನ್ ಕಾಜಕ್ಕನಿಗೆ ಕೊಟ್ಟೆ. ಇವರ ಹತ್ತಿರ ಹದಿನೈದು ವರ್ಷ ಕಾಜಾ-ಗುಂಡಿ ಹಾಕಿದವಳು, ಅವಳಿಗಲ್ಲದೆ ಇನ್ಯಾರಿಗೆ? ಕೊಡುವ ಮೊದಲು ಇವರನ್ನು ಕೇಳಿದೆ. “ಕೊಟ್ಟುಬಿಡ್ಲಾ ರೀ?” ತಲೆ ಆಡಿಸಿದರು. “ನಾಳೆ” ಎಂದರು. ಹೂಂ ಎಂದುಕೊಂಡೆ.

ಸ್ಟ್ರೋಕ್ ಆದಮೇಲೆ ಇವರಿಗೆ ಉಳಿದಿರುವುದು ಅದೊಂದೇ ಮಾತು. ನೀರು ಬೇಕಾ? ನಾಳೆ. ತಲೆ ನೋವಾ? ನಾಳೆ. ನಾನು ಯಾರು? ನಾಳೆ. ಟೈಲರ್ ಆದವರು ಗಿರಾಕಿಗಳಿಗೆ ಜೀವನವಿಡೀ ಹೇಳಿದ ಮಾತೇ ಕೊನೆಗೆ ನಾಲಿಗೆಗೆ ಅಂಟಿಕೊಂಡಿತು. ಮಿಕ್ಕ ಮಾತೆಲ್ಲ ಒಳಗೇ ಇದೆಯಂತೆ, ದಾರಿ ಮುಚ್ಚಿದೆಯಂತೆ — ಸ್ಪೀಚ್ ಡಾಕ್ಟರ್ ಹೇಳಿದ್ದು.

ಮೆಷಿನ್ ಎತ್ತುವಾಗ ಇವರ ಕೈ ಚಕ್ರದ ಮೇಲೆ ಬಿಗಿದುಕೊಂಡಿತ್ತು. ಬೆರಳು ತಾನಾಗಿ ಸೆಟೆಯುತ್ತೆ, ಮೆಲ್ಲಗೆ ಸವರಿ ಒಂದೊಂದಾಗಿ ಬಿಡಿಸಿ ಎಂದು ಫಿಜಿಯೋ ಕಲಿಸಿದ್ದರು. ಹಾಗೆಯೇ ಬಿಡಿಸಿದೆ. ಕಾಜಕ್ಕ ಅತ್ತಳು.

ಕೋಣೆ ಈಗ ಎಷ್ಟು ದೊಡ್ಡದು!

ಫೆಬ್ರವರಿ 14, ಶುಕ್ರವಾರ. ಸಂಜೆ

ಏನೋ ಬೇಕು ಇವರಿಗೆ. ಕೆಳಗೆ ತೋರಿಸುತ್ತಾರೆ. ಚಪ್ಪಲಿ ತಂದೆ. ಅಲ್ಲ. ವಾಕರ್ ತಂದೆ. ಅಲ್ಲ. ನೆಲ ಒರೆಸಿದೆ. “ನಾಳೆ! ನಾಳೆ! ನಾಳೆ!” ದಿಂಬು ಎಸೆದರು. ನನಗೂ ರೇಗಿತು. “ಏನು ಬೇಕು ಅಂತ ಬಾಯಿ ಬಿಟ್ಟು ಹೇಳಬಾರದಾ!” ಎಂದುಬಿಟ್ಟೆ.

ಯಾರಿಗೆ ಹೇಳಿದೆ ಅದನ್ನು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಔಷಧಿ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷದಿಂದ ಚೀಟಿ ಓದುವವಳು ನಾನು. ಯಾವ ಡಾಕ್ಟರ್ ಹೇಗೆ ಗೀಚಿದರೂ ಓದುತ್ತೇನೆ. ಮಾಲೀಕರೇ ಓದಲಾರದೆ ನನ್ನ ಕಡೆಗೆ ತಳ್ಳುತ್ತಾರೆ. ಮನೆಯಲ್ಲಿರುವ ಒಂದು ಮಾತು ಓದಲು ಬರುವುದಿಲ್ಲ. ದೀಪದ ಬುಡ ಕತ್ತಲೆ.

ಫೆಬ್ರವರಿ 17, ಸೋಮವಾರ

ಸ್ಪೀಚ್ ಡಾಕ್ಟರ್ ಕೊಟ್ಟ ಚಿತ್ರದ ಹಲಗೆ ಮೂಲೆ ಸೇರಿತು. ಲೋಟ, ತಟ್ಟೆ, ಹಾಸಿಗೆ, ಕಕ್ಕಸು… ಹನ್ನೆರಡು ಚಿತ್ರ. ಇವರು ಅದನ್ನು ನೋಡಿ ನಕ್ಕರು. ನಿಜಕ್ಕೂ ನಕ್ಕರು. ಐವತ್ತೆಂಟು ವರ್ಷದ ಮನುಷ್ಯನಿಗೆ ಬೇಕಾದ್ದು ಹನ್ನೆರಡೇನಾ.

“ಬೇಕಾದ್ದನ್ನ ಅವರೇ ಫೋಟೋ ತೆಗೀಲಿ ಬಿಡಿ” ಎಂದರು ಡಾಕ್ಟರ್. ನನ್ನ ಫೋನ್ ಕೊಟ್ಟು ನೋಡಿದೆ. ಎಡಗೈಯಲ್ಲಿ ಹಿಡಿದರೆ ಹೆಬ್ಬೆರಳು ಎಲ್ಲೋ ತಾಗಿ ಇನ್ನೇನೋ ತೆರೆದುಕೊಳ್ಳುತ್ತದೆ. ಒಮ್ಮೆ ಮಾಲೀಕರಿಗೇ ಫೋನ್ ಹೋಯಿತು. ಇವರು “ನಾಳೆ” ಎಂದರು. ಅವರು ನಾಳೆ ನನಗೆ ರಜೆ ಎಂದುಕೊಂಡರು!

ಗಾಜು ಆಗುವುದಿಲ್ಲ ಇವರಿಗೆ. ಒತ್ತಿದರೆ ಕಟಕ್ ಎನ್ನುವ ನಿಜವಾದ ಗುಂಡಿ ಬೇಕು.

ಫೆಬ್ರವರಿ 20, ಗುರುವಾರ

ಊಟದ ಬಿಡುವಿನಲ್ಲಿ ಕ್ಯಾಮೆರಾ ಅಂಗಡಿ. ಬೇಕಾದ್ದು ಮೂರು — ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಒಂದೇ ಗುಂಡಿ, ತೆಗೆದದ್ದು ತಾನಾಗಿ ನನ್ನ ಫೋನಿಗೆ ಬರಬೇಕು. ಅಂಗಡಿಯವರು ಎಂಟು ಕ್ಯಾಮೆರಾ ಸಾಲಾಗಿ ಇಟ್ಟರು. ಇದು ಇಷ್ಟು ಜೂಮ್, ಅದು ಇಷ್ಟು ಮೆಗಾಪಿಕ್ಸೆಲ್. ನಾನು ಒಂದೊಂದನ್ನೂ ಎಡಗೈಗೆ ತೆಗೆದುಕೊಂಡೆ, ಬಲಗೈ ಬೆನ್ನ ಹಿಂದೆ ಕಟ್ಟಿಕೊಂಡು. ಎಂಟಕ್ಕೆ ಎಂಟರಲ್ಲೂ ಗುಂಡಿ ಬಲಗಡೆಗೇ. ಬೆರಳು ಎಟುಕುವುದಿಲ್ಲ.

“ಎಡಗೈಗೆ ಅಂತ ಯಾರೂ ಮಾಡಲ್ಲಮ್ಮ.”

“ಬಲಗೈ ಇಲ್ಲದವರು ಏನು ಮಾಡ್ಬೇಕು?”

ಅವರು ನನ್ನ ನಂಬರ್ ಬರೆದುಕೊಂಡರು. ಪಾಪ, ಅವರ ತಪ್ಪೇನು. ಸುಮ್ಮನೆ ಜಗಳ ಕಾಯುತ್ತೇನೆ ಈಚೆಗೆ.

ಫೆಬ್ರವರಿ 21, ಶುಕ್ರವಾರ

ಕ್ಯಾಮೆರಾ ಅಂಗಡಿಯವರೇ ಫೋನ್ ಮಾಡಿ ಕರೆದರು. ಕ್ಯಾಮೆರಾ ಯಾರಿಗೆ ಎಂದು ಕೇಳಿದರು. ಹೇಳಿದೆ. “ಅಯ್ಯೋ, ಆ ಟೈಲರಾ! ನಾಳೆ ನಾಳೆ ಅಂತ ನನ್ನ ಮದುವೆ ಕೋಟು ಮದುವೆ ದಿನ ಬೆಳಿಗ್ಗೆ ಕೊಟ್ಟ ಮಹಾನುಭಾವರು! ಆದ್ರೆ ಅಂಥ ಕೋಟು ಆಮೇಲೆ ಯಾರೂ ಹೊಲಿದು ಕೊಡ್ಲಿಲ್ಲ ಬಿಡಿ.” ಈಗಲೂ ನಾಳೆ ಎನ್ನುತ್ತಾರೆ ಎಂದೆ. ನಗುತ್ತಿದ್ದವರು ನಿಲ್ಲಿಸಿದರು.

ಆಮೇಲೆ ಒಂದು ಕ್ಯಾಮೆರಾ ತೆಗೆದು ತಲೆಕೆಳಗು ಮಾಡಿ ನನ್ನ ಎಡಗೈಗೆ ಇಟ್ಟರು. ಗುಂಡಿ ಸರಿಯಾಗಿ ಹೆಬ್ಬೆರಳಿನ ಕೆಳಗೆ ಬಂತು! “ಫೋಟೋನೂ ತಲೆಕೆಳಗಾಗಿ ಬರುತ್ತೆ. ನೀವು ಫೋನ್ ತಿರುಗಿಸಿ ನೋಡ್ಕೊಳ್ಳಿ, ಅಷ್ಟೇ.”

“ವೈ-ಫೈ?”

“ಇದೆ. ಒತ್ತಿದ ತಕ್ಷಣ ಫೋನಿಗೆ.”

ತಂದೆ. ಇವರು ಗುಂಡಿ ಒತ್ತಿದರು. ಕಟಕ್. ಇನ್ನೊಮ್ಮೆ. ನನ್ನ ಫೋನಿನಲ್ಲಿ ನನ್ನದೇ ಮುಖ, ತಲೆಕೆಳಗೆ. ಎರಡು ತಿಂಗಳಲ್ಲಿ ಇವತ್ತು ಹೊಟ್ಟೆ ತುಂಬ ಊಟ ಮಾಡಿದೆವು.

ಫೆಬ್ರವರಿ 24, ಸೋಮವಾರ

ಇಡೀ ದಿನ ಒಂದೂ ಫೋಟೋ ಇಲ್ಲ. ನಿದ್ದೆ ಮಾಡುತ್ತಿದ್ದಾರೆ, ಒಳ್ಳೆಯದೇ ಆಯಿತು ಎಂದುಕೊಂಡೆ. ಮನೆಗೆ ಬಂದು ನೋಡಿದರೆ ಕ್ಯಾಮೆರಾದಲ್ಲಿ ಎಂಬತ್ತಮೂರು. ಎಲ್ಲ ಮಸುಕು, ಬರೀ ಬೆರಳು, ಗೋಡೆ.

ಅಂಗಡಿಯವರಿಗೆ ಫೋನ್ ಮಾಡಿದೆ. “ಅಮ್ಮಾ, ವೈ-ಫೈ ಅಂದ್ರೆ ಹತ್ತು ಹೆಜ್ಜೆ ಒಳಗೆ. ನೀವು ಪಕ್ಕದಲ್ಲೇ ಇರ್ತೀರಿ ಅಂದ್ಕೊಂಡೆ.”

ಪಕ್ಕದಲ್ಲೇ ಇದ್ದರೆ ಕ್ಯಾಮೆರಾ ಯಾಕೆ ಬೇಕಿತ್ತು. ಕೇಳಬೇಕಿತ್ತು ನಾನು. ಎಂಬತ್ತಮೂರು ಸಲ ಕರೆದಿದ್ದಾರೆ. ನಾನು ಎರಡು ಬಸ್ ಸ್ಟಾಪ್ ಆಚೆ ಕೆಮ್ಮಿನ ಸಿರಪ್ ಕೊಡುತ್ತ ನಿಂತಿದ್ದೆ.

ಫೆಬ್ರವರಿ 27, ಗುರುವಾರ

ಬೆಳಿಗ್ಗೆ ಕ್ಯಾಮೆರಾ ಅಂಗಡಿಯವರು ತಾವೇ ಮನೆಗೆ ಬಂದರು. ನನ್ನ ಗಾಜು ಒಡೆದ ಹಳೇ ಫೋನನ್ನು ಇವರ ತಲೆದಿಂಬಿನ ಹತ್ತಿರ ಚಾರ್ಜಿಗೆ ಸಿಕ್ಕಿಸಿ ಇಟ್ಟರು. ಕ್ಯಾಮೆರಾ ಅದಕ್ಕೆ ಹೇಳುತ್ತದೆ, ಅದು ಇಂಟರ್ನೆಟ್ಟಿನಲ್ಲಿ ನನಗೆ ಹೇಳುತ್ತದೆ. ಥೇಟ್ ಚಾಡಿ ಹೇಳುವವರ ಸಾಲು.

11:20ಕ್ಕೆ ಕೌಂಟರಿನಲ್ಲಿ ಟಿಣ್. ಗಡಿಯಾರ! ಗೋಡೆ ಗಡಿಯಾರ, ತಲೆಕೆಳಗೆ. ಮಾತ್ರೆ ಹೊತ್ತಾಯಿತೇ? ಮಧ್ಯಾಹ್ನ ಇವರಿಗೆ ಊಟ ಬಡಿಸುವ ಪಕ್ಕದ ಮನೆಯಾಕೆಗೆ ಫೋನ್ ಮಾಡಿ ಓಡಿಸಿದೆ. ಆರಾಮಾಗಿದ್ದಾರೆ ಎಂದಳು. ಅರ್ಧ ಗಂಟೆಗೆ ಮತ್ತೆ ಗಡಿಯಾರ. ಮತ್ತೆ. ಏಳಕ್ಕೆ ನಾನು ಬಾಗಿಲು ತೆಗೆದದ್ದೇ ಕ್ಯಾಮೆರಾ ಪಕ್ಕಕ್ಕಿಟ್ಟು ಕಣ್ಣು ಮುಚ್ಚಿದರು.

ನಾನು ಯಾವಾಗ ಬರುತ್ತೇನೆ ಎಂದು ಕೇಳಿದ್ದು! ಮೊದಲ ಸಲ ಓದಿದೆ. ಸರಿಯಾಗಿ ಓದಿದೆ.

ಮಾರ್ಚ್ 8, ಶನಿವಾರ

ಈ ವಾರ ಬಂದದ್ದು: ಕಿಟಕಿ (ಮುಚ್ಚು). ಫ್ಯಾನ್ (ಚಳಿ). ಪಕ್ಕದ ಮನೆಯಾಕೆ ಬಡಿಸಿದ ತಟ್ಟೆ (ಉಪ್ಪಿಲ್ಲ). ಎಲ್ಲ ಓದಿದೆ. ಹೆಮ್ಮೆ ಪಟ್ಟೆ.

ನಿನ್ನೆಯಿಂದ ಬೇರೆಯದು. ಬರೀ ಬೂದು. ಅದರಲ್ಲಿ ನಾಲ್ಕು ದುಂಡನೆಯ ಕಲೆ. ನಿನ್ನೆ ಹತ್ತು ಸಲ, ಇವತ್ತು ಹನ್ನೆರಡು ಸಲ. ಮುಂದಿನ ಕೋಣೆಯ ಸೂರು ಸುಣ್ಣ ಕಾಣದ ಸಿಮೆಂಟು. ಮಲಗಿದವರಿಗೆ ಕಾಣುವುದು ಅದೇ ತಾನೆ. ಅದರ ಮೇಲೆ ಮಹಡಿ ಮನೆಯವರ ಬಚ್ಚಲು. ಸೋರುತ್ತಿದೆ!

“ಸೋರ್ತಾ ಇದೆಯಾ ರೀ?” ಎಂದು ಮೇಲೆ ತೋರಿಸಿದೆ. ಇವರು ನೆಲ ತೋರಿಸಿದರು. ಕೆಳಗೆ ತೊಟ್ಟಿಕ್ಕುತ್ತದೆ ಎಂದು ಅರ್ಥವಾಯಿತು. “ನಾಳೆ! ನಾಳೆ!” ಹೌದು, ಪ್ಲಂಬರನ್ನು ಕರೆಸುತ್ತೇನೆ ಎಂದೆ.

ಮಾರ್ಚ್ 11, ಮಂಗಳವಾರ

ಮಹಡಿ ಮನೆಯಾಕೆಯ ಜೊತೆ ಮೆಟ್ಟಿಲ ಮೇಲೆ ಜಗಳ. ಆಡಬಾರದ್ದೆಲ್ಲ ಆಡಿದೆ. ಪ್ಲಂಬರ್ ಏಣಿ ಹಾಕಿ ಮುಟ್ಟಿ ನೋಡಿದ. “ಎಲ್ಲಿ ಸೋರಿದೆಯಮ್ಮ? ಒಣಗಿ ಬೆಂಡಾಗಿದೆ.” ನಾವೆಲ್ಲ ಮೇಲೆ ನೋಡುತ್ತ ನಿಂತಷ್ಟೂ ಇವರ ಸಿಟ್ಟು ಏರಿತು. ಕೊನೆಗೆ ಗೋಡೆ ಕಡೆಗೆ ತಿರುಗಿ ಮಲಗಿದರು.

ಮಾರ್ಚ್ 14, ಶುಕ್ರವಾರ. ಬೆಳಿಗ್ಗೆ 6:30

ಕೋಣೆ ಒರೆಸುತ್ತಿದ್ದೆ. ಕಿಟಕಿ ಕೆಳಗೆ ಬಟ್ಟೆ ಒಂದು ತಗ್ಗಿಗೆ ಸಿಕ್ಕಿತು. ಪಕ್ಕದಲ್ಲಿ ಇನ್ನೊಂದು. ನಾಲ್ಕು. ಮೂವತ್ತು ವರ್ಷ ಮೆಷಿನ್ನಿನ ಕಾಲು ಕೂತ ಜಾಗ.

ಸೂರಲ್ಲ. ನೆಲ. ಅದೂ ಅದೇ ಬೂದು ಸಿಮೆಂಟು. ಎಲ್ಲ ಫೋಟೋ ತಿರುಗಿಸಿ ನೋಡುವವಳು ಇದೊಂದರಲ್ಲಿ ಮೇಲೆ ಯಾವುದು ಕೆಳಗೆ ಯಾವುದು ಎಂದೇ ಯೋಚಿಸಲಿಲ್ಲ.

ಎದ್ದು ನೋಡಿದರೆ ಇವರು ಎಚ್ಚರವಾಗಿದ್ದರು. ನನ್ನನ್ನೇ ನೋಡುತ್ತಿದ್ದರು. “ಮೆಷಿನ್ನಾ?” ಎಂದೆ. ನಾಳೆ ಎನ್ನಲಿಲ್ಲ. ಕಣ್ಣೀರು ಕಿವಿಯವರೆಗೆ ಇಳಿಯಿತು. “ಇವತ್ತೇ ತರ್ತೀನಿ” ಎಂದೆ. ಕೈ ಮೇಲೆ ಕೈಯಿಟ್ಟು ಹೇಳಿದೆ.

ಅದೇ ದಿನ. ಸಂಜೆ

ಮೆಷಿನ್ ಇಲ್ಲ.

ಕಾಜಕ್ಕ ನನ್ನನ್ನು ಕಂಡು ಖುಷಿಯಿಂದ ಒಳಗೆ ಕರೆದಳು. ಹೊಸ ಕರೆಂಟ್ ಮೆಷಿನ್. ಹಳೆಯದನ್ನು ಎಕ್ಸ್‌ಚೇಂಜಿಗೆ ಹಾಕಿದ್ದಾಳೆ. ಇಬ್ಬರೂ ಮೆಷಿನ್ ಅಂಗಡಿಗೆ ಓಡಿದೆವು. ಅಂಥವನ್ನೆಲ್ಲ ಒಡೆದು ಕಬ್ಬಿಣಕ್ಕೆ ಹಾಕುತ್ತೇವೆ ಎಂದ ಅಲ್ಲಿಯವನು. ಮೂರು ವಾರವಾಯಿತಂತೆ. ಅವಳ ಮೇಲೆ ಸಿಟ್ಟು ಮಾಡಲು ನೋಡಿದೆ, ಆಗಲಿಲ್ಲ. ಕೊಟ್ಟವಳು ನಾನು.

ದಾರಿಯಲ್ಲಿ ಅವಳು ಹೇಳಿದಳು: “ಅವತ್ತೇ ನಂಗೆ ಮನಸ್ಸು ಹಿಂಜರೀತು ಅತ್ತಿಗೆ. ಅಣ್ಣ ಚಕ್ರ ಬಿಗಿಯಾಗಿ ಹಿಡ್ಕೊಂಡಿದ್ರಲ್ಲ.”

“ಅದು ಸೆಳೆತ ಕಣೇ. ಬೆರಳು ತಾನಾಗಿ ಸೆಟೆಯುತ್ತೆ.”

“ಆ ಕೈಗೂ ಆಗುತ್ತಾ ಅತ್ತಿಗೆ?”

ಮನೆಗೆ ಬಂದು ಈ ಡೈರಿಯ ಫೆಬ್ರವರಿ ಹತ್ತರ ಪುಟ ತೆಗೆದೆ. ‘ಇವರ ಕೈ’ ಎಂದು ಬರೆದಿದ್ದೇನೆ. ಯಾವ ಕೈ ಎಂದು ಬರೆದಿಲ್ಲ.

ಸೆಟೆಯುವುದು ಬಲಗೈ. ಅದು ಸ್ಟ್ರೋಕ್ ಆದಂದಿನಿಂದ ಮಡಿಲು ಬಿಟ್ಟು ಎದ್ದಿಲ್ಲ. ಚಕ್ರ ಹಿಡಿದದ್ದು ಎಡಗೈ. ಗಟ್ಟಿಯಿರುವ ಕೈ. ಆ ಕೈಗಾಗಿ ಊರೆಲ್ಲ ಕ್ಯಾಮೆರಾ ಹುಡುಕಿದೆ. ಕೊಡಬೇಡ ಎಂದು ಅದು ಅವತ್ತೇ ಹೇಳಿತ್ತು. ನಾನು ಒಂದೊಂದೇ ಬೆರಳು ಬಿಡಿಸಿದೆ. ಮೆಲ್ಲಗೆ. ಸವರಿ.

ಮಾರ್ಚ್ 16, ಭಾನುವಾರ

ಎರಡು ದಿನ ಸುಳ್ಳು ಹೇಳಿದೆ — ತರುತ್ತಾರೆ, ಗಾಡಿ ಸಿಗಲಿಲ್ಲ. ನಾಳೆ ಬರುತ್ತೆ ಎಂದೆ ಒಮ್ಮೆ! ಇವರ ಮಾತು ನನ್ನ ಬಾಯಿಗೂ ಬಂತು.

ಇವತ್ತು ಹೇಳಿದೆ. “ಮೆಷಿನ್ ಇನ್ನು ಸಿಗಲ್ಲ ರೀ. ಒಡೆದುಹಾಕಿದ್ದಾರೆ. ನೀವು ಹಿಡ್ಕೊಂಡಿದ್ರಿ. ನಾನೇ ಬಿಡಿಸ್ದೆ. ನಂಗೆ ಗೊತ್ತಾಗ್ಲಿಲ್ಲ.”

ಬಯ್ಯಲಿ ಎಂದು ಕಾದೆ. ಬಯ್ಯಲು ಮಾತು ಬೇಕಲ್ಲ. ಆ ನಾಲ್ಕು ತಗ್ಗು ನೋಡಿದರು. ಆಮೇಲೆ ದಿಂಬಿನ ಪಕ್ಕದ ಕ್ಯಾಮೆರಾ ತೆಗೆದು ನನ್ನ ಕೈಗೆ ಕೊಟ್ಟರು. ವಾಪಸ್.

ಚಾರ್ಜ್ ಮಾಡಿ ಮತ್ತೆ ಅಲ್ಲೇ ಇಟ್ಟೆ.

ಮಾರ್ಚ್ 22, ಶನಿವಾರ

ಆರು ದಿನ. ಟಿಣ್ ಇಲ್ಲ. ಪಕ್ಕದ ಮನೆಯಾಕೆ ಊಟ ಮಾಡಿದರು ಎನ್ನುತ್ತಾಳೆ, ಮಲಗಿದರು ಎನ್ನುತ್ತಾಳೆ. ಕ್ಯಾಮೆರಾ ಇಟ್ಟ ಜಾಗದಲ್ಲೇ ಇದೆ. ಚಾರ್ಜು ನೂರಕ್ಕೆ ನೂರು. ದಿನಾ ಬೆಳಿಗ್ಗೆ ನೋಡುತ್ತೇನೆ.

ಮಹಡಿ ಮನೆಯಾಕೆಯ ಹತ್ತಿರ ಹೋಗಿ ಕ್ಷಮೆ ಕೇಳಿ ಬಂದೆ. ಅಲ್ಲಾದರೂ ಕೇಳಿದರೆ ಸಿಕ್ಕಿತು.

ಮಾರ್ಚ್ 24, ಸೋಮವಾರ. ಮಧ್ಯಾಹ್ನ 3:50

ಕೌಂಟರಿನಲ್ಲೇ ಬರೆಯುತ್ತಿದ್ದೇನೆ. ಈಗ ತಾನೆ ಟಿಣ್ ಎಂದಿತು. ತೆರೆಯಲು ಧೈರ್ಯವಿಲ್ಲ. ಮತ್ತೆ ಅದೇ ನೆಲವಾದರೆ? ಚೀಟಿ ಹಿಡಿದು ಮೂವರು ನಿಂತಿದ್ದಾರೆ. ಮಾಲೀಕರು ನೋಡುತ್ತಿದ್ದಾರೆ.

ತೆರೆದೆ. ಫೋನ್ ತಿರುಗಿಸಿದೆ.

ಗಡಿಯಾರ.

ಒಂದು ಕಡೆ ವಾಲಿದೆ. ಮೂಲೆಯಲ್ಲಿ ಬೆರಳು ಬಂದಿದೆ. ಗಡಿಯಾರವೇ.

ಏಳಕ್ಕೆ ಬರುತ್ತೇನೆ ಎಂದು ಇವರಿಗೆ ಗೊತ್ತು. ಗೊತ್ತಿದ್ದೂ ಕೇಳುತ್ತಾರೆ. ಮತ್ತೆ ಟಿಣ್. ಅದೇ ಗಡಿಯಾರ. ಚೀಟಿ ಮಾಲೀಕರೇ ಓದಿಕೊಳ್ಳಲಿ ಇವತ್ತು. ಬಸ್ಸು ನಾಲ್ಕು ಗಂಟೆಗೆ ಒಂದಿದೆ, ಓಡಿದರೆ…